ತಿರುಗೋ ಹಲಗೆ ಮೇಲೆ ಹೆಸರುಕಾಳು

ಹೋದ ತಿಂಗಳು ಪೂರ್ತಿ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಹಲಗೆ ಗರಗರ ತಿರುಗುತ್ತಿತ್ತು. ಅದರ ಮೇಲೆ ನಾಲ್ಕು ಹಳೇ ಸಿಡಿ ಡಬ್ಬಿ. ಡಬ್ಬಿಯೊಳಗೆ ಮೊಳಕೆ ಒಡೆದ ಹೆಸರುಕಾಳು. ನಿಮಿಷಕ್ಕೆ 92 ಸುತ್ತು, ಹಗಲೂ ರಾತ್ರಿ. ಅವ್ವ ಬಾಗಿಲಲ್ಲಿ ನಿಂತು ನೋಡಿ, "ಕಾಳಿನ ತಲಿ ತಿರಗಸಾಕತ್ತೀಯೋ, ನಿನ್ನ ತಲೀನ ತಿರಗೇತೋ?" ಅಂತ ಕೇಳಿ ಒಳಗೆ ಹೋದಳು. ಆಮೇಲೆ ಆ ಕಡೆ ಬಂದದ್ದು ಕಡಿಮೆ.

ಶುರುವಾದದ್ದು ಹೊಲದಲ್ಲಿ. ವಿಜಯಪುರದ ಹತ್ತಿರ ನಮ್ಮದು ನಾಲ್ಕು ಎಕರೆ ಎರೆ ಹೊಲ. ಹಿಂಗಾರಿಗೆ ಬಿಳಿಜೋಳ ಹಾಕುತ್ತೇವೆ. ಕೂರಿಗೆಯಿಂದ ಬೀಜ ಬೀಳುವಾಗ ಯಾರೂ ಅದನ್ನು ನೆಟ್ಟಗೆ ಕೂಡಿಸುವುದಿಲ್ಲ. ಕೆಲವು ಅಡ್ಡ ಬೀಳುತ್ತವೆ, ಕೆಲವು ತಲೆಕೆಳಗು. ಆದರೂ ಎಲ್ಲ ಕಾಳಿನ ಬೇರು ಕೆಳಗೇ ಇಳಿಯುತ್ತದೆ, ಮೊಳಕೆ ಮೇಲಕ್ಕೇ ಬರುತ್ತದೆ. ಸಣ್ಣವನಿದ್ದಾಗಿನಿಂದ ನೋಡಿದ್ದೇನೆ. ಶಾಲೆಯಲ್ಲಿ ಇದನ್ನೇ ಬರೆದು ಮಾರ್ಕ್ಸೂ ತಗೊಂಡಿದ್ದೇನೆ. ಆದರೆ ಬೀಜಕ್ಕೆ "ಕೆಳಗೆ" ಅಂದರೆ ಏನು ಅಂತ ಕೇಳಿಕೊಂಡಿರಲಿಲ್ಲ. ತಂಪು ಇರುವ ಕಡೆಯಾ? ಕತ್ತಲೆ ಇರುವ ಕಡೆಯಾ? ಇಲ್ಲ ಭೂಮಿ ಎಳೆಯುವ ಕಡೆಯಾ?

ಇದನ್ನು ಕೈಯಾರೆ ಮಾಡಿ ನೋಡಿದವರು ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್. 1806ರಲ್ಲಿ. ತೋಟದ ಹುಚ್ಚಿದ್ದ ಜಮೀನುದಾರ. ತೋಟದಲ್ಲಿ ಹರಿಯುವ ನೀರಿಗೆ ಚಕ್ರ ಕೂಡಿಸಿ, ಆ ಚಕ್ರದಿಂದ 11 ಇಂಚು ಅಗಲದ ಇನ್ನೊಂದು ಚಕ್ರ ತಿರುಗುವಂತೆ ಮಾಡಿ, ಅದರ ಅಂಚಿಗೆ ಬೀನ್ಸ್ ಕಾಳು ಕಟ್ಟಿದರು. ಚಕ್ರ ಗೋಡೆ ಗಡಿಯಾರದ ಹಾಗೆ ನೆಟ್ಟಗೆ ನಿಂತಿತ್ತು. ನಿಮಿಷಕ್ಕೆ 150ಕ್ಕೂ ಜಾಸ್ತಿ ಸುತ್ತು. ಅಷ್ಟು ಜೋರಾಗಿ ತಿರುಗುವ ಕಾಳಿಗೆ ಮೇಲೆ ಯಾವುದು, ಕೆಳಗೆ ಯಾವುದು? ಬೇರುಗಳೆಲ್ಲ ಹೊರಕ್ಕೆ ಹೋದವು, ಮೊಳಕೆಯೆಲ್ಲ ಚಕ್ರದ ನಡುವಿಗೆ ಬಂದು ಕೂಡಿದವು. ಕೆಲವು ಗಿಡಗಳನ್ನು ಹಾಗೇ ಬೆಳೆಯಲು ಬಿಟ್ಟರು. ಅವುಗಳ ತುದಿ ನಡುವನ್ನು ದಾಟಿ ಆಚೆ ಹೋದರೂ ಮತ್ತೆ ತಿರುಗಿ ನಡುವಿಗೇ ಬಂದವು.

ಆಮೇಲೆ ಚಕ್ರವನ್ನು ಬೀಸುಕಲ್ಲಿನ ಹಾಗೆ ಮಲಗಿಸಿ ತಿರುಗಿಸಿದರು. ನಿಮಿಷಕ್ಕೆ 250 ಸುತ್ತಿಗೆ ಬೇರುಗಳು ಹೆಚ್ಚುಕಡಿಮೆ ಅಡ್ಡ ಮಲಗಿ ಬೆಳೆದವು. 80 ಸುತ್ತಿಗೆ ಇಳಿಸಿದಾಗ 45 ಡಿಗ್ರಿ ಓರೆ.

ಈ 80 ಸುತ್ತಿನ ಮಾತೇ ನನ್ನನ್ನು ಹಿಡಿದದ್ದು. 11 ಇಂಚಿನ ಚಕ್ರ ಅಂದರೆ ನಡುವಿನಿಂದ ಅಂಚಿಗೆ 14 ಸೆಂಟಿಮೀಟರ್. ಆ ಅಂಚಿನಲ್ಲಿ ಕೂತ ಕಾಳನ್ನು ಹೊರಕ್ಕೆ ಎಸೆಯುವ ಬಲ ಎಷ್ಟಾಗುತ್ತದೆ ಅಂತ ಮೊಬೈಲ್ ಕ್ಯಾಲ್ಕುಲೇಟರಿನಲ್ಲಿ ಒತ್ತಿ ನೋಡಿದೆ. ಕಾಳಿನ ತೂಕ ಎಷ್ಟೋ ಅಷ್ಟೇ! ಕೆಳಕ್ಕೆ ಒಂದು ಪಾಲು, ಹೊರಕ್ಕೆ ಒಂದು ಪಾಲು, ಬೇರು ಎರಡರ ನಡುವೆ. ಇನ್ನೂರು ವರ್ಷದ ಹಿಂದೆ ಯಾರೋ ಹೊಳೆಯ ನೀರಿನಿಂದ ತೆಗೆದ ಲೆಕ್ಕ ಇಷ್ಟು ಸರಿ ಕೂಡಿದ ಮೇಲೆ ಸುಮ್ನೆ ಕೂಡುವುದು ಹೇಗೆ?

ಲೆಕ್ಕ ಬೇಡ ಅನ್ನುವವರು ಸಂಕ್ರಾಂತಿಗೆ ನಮ್ಮ ಸಿದ್ಧೇಶ್ವರ ಜಾತ್ರೆಗೆ ಬನ್ನಿ. ಸರಪಳಿಗೆ ಕುರ್ಚಿ ಕಟ್ಟಿ ಗಿರಗಿರ ತಿರುಗಿಸುವ ಆಟ ಗೊತ್ತಲ್ಲ? ನಿಂತಾಗ ಸರಪಳಿ ನೇರ ಕೆಳಗೆ. ತಿರುಗಲು ಶುರುವಾದರೆ ಹೊರಕ್ಕೆ ಓರೆಯಾಗುತ್ತದೆ. ಕುರ್ಚಿಯಲ್ಲಿ ಕೂತವನಿಗೆ ಮಾತ್ರ ತಾನು ಓರೆಯಾಗಿದ್ದೇನೆ ಅನ್ನಿಸುವುದಿಲ್ಲ. ಅವನ ಮಟ್ಟಿಗೆ ಆ ಸರಪಳಿ ತೋರಿಸುವ ಕಡೆಯೇ ಕೆಳಗೆ. ಬೀಜಕ್ಕೂ ಹಾಗೇ ಆದರೆ ಬೇರು ಸರಪಳಿಯ ಓರೆಯಲ್ಲೇ ಬೆಳೆಯಬೇಕು.

ಸಾಮಾನು

12 ವೋಲ್ಟಿನ ಗೇರ್ ಮೋಟರ್, ಮೈಮೇಲೆ 100 ಆರ್‌ಪಿಎಂ, ಅಂದರೆ ನಿಮಿಷಕ್ಕೆ 100 ಸುತ್ತು, ಅಂತ ಬರೆದದ್ದು, ಆನ್‌ಲೈನಿನಲ್ಲಿ 420 ರೂಪಾಯಿ. ವೇಗ ಹೆಚ್ಚುಕಡಿಮೆ ಮಾಡಲು ಸಣ್ಣ ಸ್ಪೀಡ್ ಕಂಟ್ರೋಲರ್. ಅಟ್ಟದ ಮೇಲೆ ಬಿದ್ದಿದ್ದ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್. ಭಜನಾ ಪದ, ನಾಟಕದ ಸಿಡಿಗಳಿದ್ದ ಖಾಲಿ ಡಬ್ಬಿಗಳು. ಅಜ್ಜಿಯ ಕಾಲದ ಒಂದು ಗಟ್ಟಿ ಸ್ಟೂಲು. 46 ಸೆಂಟಿಮೀಟರ್ ಅಗಲದ ಗುಂಡನೆಯ ಪ್ಲೈವುಡ್ ಹಲಗೆಯನ್ನು ನಮ್ಮ ಓಣಿಯ ಬಡಿಗೇರ ಕಾಕಾ ಕೊಯ್ದುಕೊಟ್ಟರು. "ಕೊಣಮಿಗಿ ಆಗೂದಿಲ್ಲಪಾ ಇದು, ರೊಟ್ಟಿ ಬಡ್ಯಾಕ ಬರೂದಿಲ್ಲ" ಅಂದರು. ಯಾತಕ್ಕೆ ಅಂತ ಹೇಳಿದ ಮೇಲೆ ದುಡ್ಡು ತಗೊಳ್ಳಲಿಲ್ಲ. ಪಾಪ ಅನ್ನಿಸಿರಬೇಕು.

ಮೊದಲು ಹಲಗೆಯನ್ನು ಸೀದಾ ಮೋಟರಿನ ಶಾಫ್ಟಿಗೇ ಕೂಡಿಸಿದ್ದೆ. ಅದು ತಪ್ಪು. ಹಲಗೆಯ ಭಾರವೆಲ್ಲ 6 ಮಿಲಿಮೀಟರ್ ಶಾಫ್ಟಿನ ಮೇಲೆ ಬಿತ್ತು. ಅರ್ಧ ತಾಸಿಗೆ ಗೇರಿನಿಂದ ಕರಕರ ಶಬ್ದ. ಹಲಗೆ ಕುಡಿದವನ ಹಾಗೆ ಒಲೆದಾಡತೊಡಗಿತು. ಮೋಟರಿನ ಕೆಲಸ ತಿರುಗಿಸುವುದು, ಹೊರುವುದಲ್ಲ. ಹೊರಲು ಬೇರೆ ಯಾರಾದರೂ ಬೇಕು.

ಗುಜರಿ ಅಂಗಡಿಯಲ್ಲಿ ಅದು ಸಿಕ್ಕಿತು. ಹಿಂದೆ ಡಬ್ಬಿಯಂಥ ದಪ್ಪ ಟಿವಿ ಇದ್ದವಲ್ಲ, ಅವಕ್ಕೆ ಕೆಳಗೆ ತಿರುಗೋ ಸ್ಟ್ಯಾಂಡ್ ಬರುತ್ತಿತ್ತು. ಅದರೊಳಗೆ ತಟ್ಟೆಯಗಲದ ಬೇರಿಂಗ್ ಇರುತ್ತದೆ, ನಡುವೆ ತೂತು. 60 ರೂಪಾಯಿ. ಸೀಮೆಎಣ್ಣೆ ಸಿಗದೆ ಡೀಸೆಲ್‌ನಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿ, ಸ್ಟೂಲಿನ ಮೇಲೆ ಸ್ಕ್ರೂ ಹೊಡೆದೆ. ಹಲಗೆ ಈಗ ಬೇರಿಂಗ್ ಮೇಲೆ ಕೂತಿತು. ಮೋಟರನ್ನು ಸ್ಟೂಲಿನ ಕೆಳಗಿನಿಂದ ಕಟ್ಟಿ, ಶಾಫ್ಟನ್ನು ನಡುವಿನ ತೂತಿನಿಂದ ಮೇಲೆ ತಂದೆ. ಶಾಫ್ಟಿಗೂ ಹಲಗೆಗೂ ನಡುವೆ ಸೈಕಲ್ ಟ್ಯೂಬಿನ ದಪ್ಪ ತುಂಡು ಹಾಕಿದೆ. ಸ್ವಲ್ಪ ಆಚೀಚೆ ಇದ್ದರೂ ರಬ್ಬರ್ ತಡೆದುಕೊಳ್ಳುತ್ತದೆ. ಈ ರಬ್ಬರ್ ತುಂಡೇ ಇಡೀ ಯಂತ್ರದಲ್ಲಿ ನನಗೆ ಹೆಮ್ಮೆ ಇರುವ ಭಾಗ.

ಡಬ್ಬಿ ನಿಲ್ಲಿಸುವುದು ಹೇಗೆ ಅನ್ನುವುದು ಮುಖ್ಯ. ಸೈಕಲ್ ಚಕ್ರದ ಕಡ್ಡಿಗಳು ನಡುವಿನಿಂದ ಅಂಚಿಗೆ ಹೋಗುತ್ತವಲ್ಲ, ಹಾಗೆ ಡಬ್ಬಿಯನ್ನು ಕಡ್ಡಿಯ ಗೆರೆಯ ಮೇಲೆ ನೆಟ್ಟಗೆ ನಿಲ್ಲಿಸಬೇಕು. ಆಗ ಬೇರು ಓರೆಯಾದರೆ ಡಬ್ಬಿಯ ಗಾಜಿನಂಥ ಮೈಯಲ್ಲಿ ಪೂರ್ತಿ ಕಾಣುತ್ತದೆ. ಇನ್ನೊಂದು ಲಾಭವೂ ಇದೆ. ಒಂದೇ ಡಬ್ಬಿಯಲ್ಲಿ ಐದು ಕಾಳು ಸಾಲಾಗಿ ಇಟ್ಟರೆ ಒಂದು ನಡುವಿನಿಂದ 6 ಸೆಂಟಿಮೀಟರ್ ದೂರ, ಮುಂದಿನವು 9, 12, 15, 18. ದೂರ ಹೋದಷ್ಟೂ ಎಸೆತ ಜಾಸ್ತಿ. ಅಂದರೆ ಐದು ಕಾಳಿಗೆ ಐದು ಬೇರೆ ಬೇರೆ "ಕೆಳಗೆ".

ಮೊದಲ ಸಲ

ಎಲ್ಲ ಕೂಡಿಸಿ ಸ್ವಿಚ್ ಒತ್ತಿದೆ. ಒಮ್ಮೆಲೇ ಪೂರ್ತಿ ವೇಗ. ಒಂದು ಡಬ್ಬಿ ಎದ್ದು ಹೋಗಿ ಕಪಾಟಿನ ಕನ್ನಡಿಗೆ ಬಡಿಯಿತು. ಕನ್ನಡಿ ಉಳಿಯಿತು, ಡಬ್ಬಿ ಉಳಿಯಲಿಲ್ಲ. ಆವತ್ತಿನಿಂದ ಪ್ರತಿ ಡಬ್ಬಿಗೂ ಎರಡು ಎಲ್ ಪಟ್ಟಿ, ಮೇಲೆ ಟ್ಯೂಬಿನ ರಬ್ಬರ್ ಪಟ್ಟಿ. ವೇಗವನ್ನು ಸೊನ್ನೆಯಿಂದ ನಿಧಾನ ಏರಿಸುವುದು. ಎದುರುಬದುರು ಡಬ್ಬಿಗಳ ತೂಕ ಅಡುಗೆಮನೆಯ ತಕ್ಕಡಿಯಲ್ಲಿ ನೋಡಿ ಮೊಳೆ ಅಂಟಿಸಿ ಸಮ ಮಾಡುವುದು.

ಸುತ್ತು ಎಣಿಸಲು ಹಲಗೆಯ ಅಂಚಿಗೆ ರಟ್ಟಿನ ತುಂಡು ಸಿಕ್ಕಿಸಿದೆ. ಅದು ಪ್ರತಿ ಸುತ್ತಿಗೂ ಒಂದು ಮೊಳೆಗೆ ಬಡಿದು ಟಕ್ ಅನ್ನುತ್ತದೆ. ಮೊಬೈಲಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ ಎಣಿಸಿದೆ. ಮೈಮೇಲೆ 100 ಅಂತ ಬರೆದಿದ್ದರೂ ಭಾರ ಬಿದ್ದಾಗ 92. ಇರಲಿ. ಮೂರು ಸಲ ಎಣಿಸಿದಾಗಲೂ 92 ಬಂತು, ನನಗೆ ಅದೇ ಸಾಕು.

ಕಾಳನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿಟ್ಟು, ನಾಲ್ಕೈದು ಮಿಲಿಮೀಟರ್ ಬೇರು ಬಂದವನ್ನು ಆರಿಸಿಕೊಂಡೆ. ಡಬ್ಬಿಯೊಳಗೆ ಒದ್ದೆ ಟಿಶ್ಯೂ ಪೇಪರ್ ಮಡಿಸಿಟ್ಟು ಅದರ ಮೇಲೆ ಕಾಳು. ಬೆಳಕು ಬಿದ್ದರೆ ಮೊಳಕೆ ಅದರ ಕಡೆ ವಾಲುತ್ತದೆ, ಲೆಕ್ಕ ಕೆಡುತ್ತದೆ. ಅದಕ್ಕೆ ಇಡೀ ಯಂತ್ರದ ಮೇಲೆ ಕೂಲರ್ ಬಂದಿದ್ದ ದೊಡ್ಡ ರಟ್ಟಿನ ಪೆಟ್ಟಿಗೆ ಬೋರಲು ಹಾಕಿ ಕಪ್ಪು ಬಟ್ಟೆ ಹೊದಿಸಿದೆ. ಅದೇ ಪೆಟ್ಟಿಗೆಯೊಳಗೆ, ತಿರುಗದ ಮೂಲೆಯಲ್ಲಿ, ಒಂದು ಡಬ್ಬಿ ಸುಮ್ನೆ ನಿಲ್ಲಿಸಿದೆ. ಹೋಲಿಸಿ ನೋಡಲು.

ಎರಡು ದಿನ ಬಿಟ್ಟು ತೆಗೆದರೆ ಕೊಳೆತ ವಾಸನೆ. ಹೊರಗಿನ ಕಾಳುಗಳು ನೀರಲ್ಲಿ ಮುಳುಗಿದ್ದವು, ಒಳಗಿನವು ಒಣಗಿದ್ದವು. ನೀರಿಗೂ ಅದೇ ಎಸೆತ ಅಲ್ವಾ? ಅದೂ ಟಿಶ್ಯೂ ಬಿಟ್ಟು ಹೊರಗಿನ ಕೆಳಮೂಲೆಗೆ ಹೋಗಿ ಕೂತಿತ್ತು. ಬದುಕಿದ್ದ ನಾಲ್ಕು ಬೇರು ಹೊರಕ್ಕೆ ಓರೆಯಾಗಿದ್ದವು. ನಾನು ಖುಷಿಯಿಂದ ಫೋಟೋ ತೆಗೆದು ಕಾಲೇಜಿನಲ್ಲಿ ಬಾಟನಿ ಕಲಿಸುವ ಗೆಳೆಯನಿಗೆ ಕಳಿಸಿದೆ. ಅವನು ಒಂದೇ ಸಾಲು ಬರೆದ: "ನೀರು ಯಾವ ಕಡೆ ಐತೋ ಬೇರೂ ಆ ಕಡೆನ ಹೋಗ್ಯಾವ. ಇದರಾಗ ಎಸೆತ ಎಲ್ಲಿ ಬಂತು?"

ಉರಿ ಬಂತು, ಆದರೆ ಅವನು ಹೇಳಿದ್ದು ನಿಜ. ಬೇರಿಗೆ ಭೂಮಿಯ ಎಳೆತ ಗೊತ್ತಾಗುವ ಹಾಗೆ ಹಸಿ ಇರುವ ಕಡೆಯೂ ಗೊತ್ತಾಗುತ್ತದೆ. ಒಂದು ಕಡೆ ಒಣ, ಒಂದು ಕಡೆ ಹಸಿ ಇದ್ದರೆ ಹಸಿಯ ಕಡೆ ಬಾಗುತ್ತದೆ. ನನ್ನ ಡಬ್ಬಿಯಲ್ಲಿ ಎರಡೂ ಒಂದೇ ದಿಕ್ಕಿಗೆ ಇದ್ದವು. ಯಾವುದರಿಂದ ಬಾಗಿತು ಅಂತ ಹೇಳಲು ದಾರಿ ಇರಲಿಲ್ಲ.

ಚೈನಾ ಗ್ರಾಸ್

ನೀರು ಓಡಾಡದ ಹಾಗೆ ಎಲ್ಲ ಕಡೆ ಸಮ ಹಸಿ ಬೇಕು. ಅದಕ್ಕೆ ಕಿರಾಣಿ ಅಂಗಡಿಯಲ್ಲೇ ಮದ್ದು ಇತ್ತು. ಸಿಹಿ ತಿನಿಸಿಗೆ ಹಾಕುವ ಚೈನಾ ಗ್ರಾಸ್, ಅಂದರೆ ಅಗರ್. ಕಡಲ ಪಾಚಿಯಿಂದ ಮಾಡಿದ್ದು. ಲ್ಯಾಬುಗಳಲ್ಲೂ ಬೀಜ ಬೆಳೆಸಲು ಇದನ್ನೇ ಬಳಸುತ್ತಾರೆ. ಒಂದು ಲೀಟರ್ ನೀರಿಗೆ 10 ಗ್ರಾಂ, ಸಕ್ಕರೆ ಬೇಡ, ಚೆನ್ನಾಗಿ ಕುದಿಸಬೇಕು. ಒಮ್ಮೆ ಹೆಪ್ಪುಗಟ್ಟಿದರೆ ಕರಗಲು 85 ಡಿಗ್ರಿಯಾದರೂ ಬೇಕು, ಹಾಗಾಗಿ ನಮ್ಮ ಏಪ್ರಿಲ್ ಬಿಸಿಲಿಗೆ ಅದು ಜಗ್ಗುವುದಿಲ್ಲ.

ಕುದಿಯುತ್ತಿದ್ದಾಗಲೇ ಸುರಿದ ಮೊದಲ ಡಬ್ಬಿ ಹಪ್ಪಳದ ಹಾಗೆ ಸೊಟ್ಟಗಾಯಿತು. ಕೈಗೆ ತಾಳುವಷ್ಟು ಆರಿಸಿ ಸುರಿಯಬೇಕು. ಡಬ್ಬಿಯೊಳಗಿನ ಸಿಡಿ ಕೂಡುವ ತಟ್ಟೆ ಕಿತ್ತು, ಕೀಲಿನ ಸಂದಿಗೆ ಟೇಪ್ ಹಚ್ಚಿ, ಮಲಗಿಸಿ ಅರ್ಧ ಸೆಂಟಿಮೀಟರ್ ದಪ್ಪ ಸುರಿದೆ. ಹೆಪ್ಪಾದ ಮೇಲೆ ಐದು ಸಣ್ಣ ಗುಳಿ ತೋಡಿ ಕಾಳು ಕೂಡಿಸಿದೆ. ಬೇಕಂತಲೇ ಬೇರುಗಳನ್ನು ಬೇರೆ ಬೇರೆ ಕಡೆ ತಿರುಗಿಸಿಟ್ಟೆ. ಒಂದು ಮೇಲಕ್ಕೆ, ಒಂದು ಒಳಕ್ಕೆ, ಒಂದು ಅಡ್ಡ. ಬೂಸ್ಟು ಬರದ ಹಾಗೆ ಕಾಳನ್ನು ಮೊದಲೇ ಬ್ಲೀಚಿಂಗ್ ನೀರಲ್ಲಿ ಎರಡು ನಿಮಿಷ ತೊಳೆದಿದ್ದೆ.

ನಾಲ್ಕನೇ ಡಬ್ಬಿಗೆ ಕಾಳು ಹಾಕಲಿಲ್ಲ. ಅದರಲ್ಲಿ ಅದೇ ಐದು ಜಾಗದಲ್ಲಿ ಗಿಡ್ಡ ದಾರ ಕಟ್ಟಿ, ತುದಿಗೆ ಸಣ್ಣ ನಟ್ಟು ತೂಗುಬಿಟ್ಟೆ. ಜಾತ್ರೆಯ ಕುರ್ಚಿಗಳು! ಅದರ ಎದುರಿಗೆ ಗಾಜು ಒಡೆದ ಹಳೇ ಮೊಬೈಲನ್ನು ಹಲಗೆಗೇ ಬಿಗಿದು ವಿಡಿಯೋ ಇಟ್ಟೆ. ವಿಡಿಯೋದಲ್ಲಿ ಹಲಗೆ ನಿಂತ ಹಾಗೇ ಕಾಣುತ್ತದೆ, ಯಾಕಂದರೆ ಮೊಬೈಲೂ ಜೊತೆಗೇ ತಿರುಗುತ್ತಿದೆ. ನಿಧಾನವಾಗಿ ಐದೂ ದಾರಗಳು ತಮ್ಮಷ್ಟಕ್ಕೆ ಎದ್ದು ಓರೆಯಾಗಿ ನಿಲ್ಲುತ್ತವೆ, ಒಂದಕ್ಕಿಂತ ಒಂದು ಜಾಸ್ತಿ. ಯಾರೋ ಬೀಸಣಿಗೆ ಬಿಚ್ಚಿದ ಹಾಗೆ. ಆ ವಿಡಿಯೋ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

48 ತಾಸು ಬಿಟ್ಟು ಪೆಟ್ಟಿಗೆ ಎತ್ತಿದೆ. ಬೇರುಗಳೂ ಹಾಗೇ ಬೀಸಣಿಗೆ ಬಿಚ್ಚಿದ್ದವು. ಮೇಲಕ್ಕೆ ತಿರುಗಿಸಿಟ್ಟಿದ್ದ ಬೇರು ಕೊಕ್ಕೆಯ ಹಾಗೆ ಬಾಗಿ ತನ್ನ ಓರೆ ಹಿಡಿದಿತ್ತು. ಮೊಳಕೆಯೂ ಅದೇ ಗೆರೆಯಲ್ಲಿ, ಎದುರು ದಿಕ್ಕಿಗೆ, ಒಳಕ್ಕೂ ಮೇಲಕ್ಕೂ. ಮೂಲೆಯಲ್ಲಿ ಸುಮ್ನೆ ನಿಂತ ಡಬ್ಬಿಯಲ್ಲಿ ಎಲ್ಲ ಬೇರು ನೇರ ಕೆಳಗೆ.

ಅಣ್ಣನ ಮಗನ ಕಂಪಾಸ್ ಡಬ್ಬಿಯಿಂದ ಕೋನಮಾಪಕ ತಂದು ಅಳೆದೆ. ನೇರ ಕೆಳಗಿನಿಂದ ಎಷ್ಟು ಓರೆ ಅನ್ನುವ ಲೆಕ್ಕ. 92 ಸುತ್ತಿಗೆ ಒಳಗಿನ ಕಾಳಿಗೆ ಸುಮಾರು 30 ಡಿಗ್ರಿ ಬರಬೇಕು, ಆಮೇಲೆ 40, 49, 55, ಕೊನೆಯದಕ್ಕೆ 60. ಮೂರು ಡಬ್ಬಿಯ ಸರಾಸರಿ 27, 42, 47, 51, 58 ಬಂತು. ಗೆಳೆಯನಿಗೆ ಮತ್ತೆ ಫೋಟೋ ಕಳಿಸಿದೆ. ಈ ಸಲ ಬರೀ ಹೆಬ್ಬೆರಳು ಬಂತು. ಬಾಟನಿಯವರಿಂದ ಅದೇ ದೊಡ್ಡದು.

ಬೇರಿನೊಳಗೆ ಏನಿದೆ ಅಂತ ಎರಡು ಮಾತು ಹೇಳಿಬಿಡುತ್ತೇನೆ, ಮುಂದಿನದಕ್ಕೆ ಬೇಕು. ಬೇರಿನ ತುದಿಗೆ ಒಂದು ಟೊಪ್ಪಿಗೆ ಇರುತ್ತದೆ. ಅದರ ನಡುವಿನ ಕೋಶಗಳಲ್ಲಿ ಪಿಷ್ಟದ ಭಾರವಾದ ಹರಳುಗಳು ಇರುತ್ತವೆ. ಗಿಡ ವಾಲಿದರೆ ಅವು ಕೋಶದ ತಳಕ್ಕೆ ಜಾರಿ ಕೂಡುತ್ತವೆ, ಡಬ್ಬಿ ವಾಲಿಸಿದಾಗ ಒಳಗಿನ ಸಾಸಿವೆ ಒಂದು ಕಡೆ ಸರಿಯುವ ಹಾಗೆ. ಹೀಗೆ ಇರಬಹುದು ಅಂತ 1900ರಲ್ಲಿ ಹೇಬರ್‌ಲಾಂಟ್, ನೆಮೆಟ್ಸ್ ಅನ್ನುವ ಇಬ್ಬರು ಬೇರೆ ಬೇರೆಯಾಗಿ ಹೇಳಿದರು. ಹರಳು ಕೂತ ಕಡೆಗೆ ಆಕ್ಸಿನ್ ಅನ್ನುವ ಹಾರ್ಮೋನ್ ಜಾಸ್ತಿ ಹರಿಯುತ್ತದೆ. ಬೇರಿನಲ್ಲಿ ಆಕ್ಸಿನ್ ಜಾಸ್ತಿಯಾದ ಬದಿ ಬೆಳೆಯುವುದು ನಿಧಾನವಾಗುತ್ತದೆ, ಎದುರು ಬದಿ ಮುಂದೆ ಹೋಗುತ್ತದೆ, ಬೇರು ಕೆಳಕ್ಕೆ ಬಾಗುತ್ತದೆ. ಮೊಳಕೆಯಲ್ಲಿ ಉಲ್ಟಾ. ಅದೇ ಆಕ್ಸಿನ್ ಅಲ್ಲಿ ಬೆಳೆಸುತ್ತದೆ, ಹಾಗಾಗಿ ಮೊಳಕೆ ಮೇಲಕ್ಕೆ ಬಾಗುತ್ತದೆ. ನನ್ನ ಹಲಗೆಯ ಮೇಲೆ ಹರಳುಗಳು ನಟ್ಟಿನ ಹಾಗೇ ಹೊರಗಿನ ಕೆಳಮೂಲೆಗೆ ಸರಿದಿರುತ್ತವೆ. ಬೇರಿಗೆ ಭೂಮಿ ಎಲ್ಲಿದೆ ಅಂತ ಗೊತ್ತಿಲ್ಲ. ಹರಳು ಎಲ್ಲಿ ಕೂತಿದೆ ಅಂತ ಗೊತ್ತು, ಅಷ್ಟೇ.

ಟೊಪ್ಪಿಗೆ ತೆಗೆದದ್ದು, ಮತ್ತು ಆ ರಾತ್ರಿ

ಚಾರ್ಲ್ಸ್ ಡಾರ್ವಿನ್ ಮತ್ತು ಮಗ ಫ್ರಾನ್ಸಿಸ್ 1880ರಲ್ಲಿ ಬೇರಿನ ತುದಿ ಕತ್ತರಿಸಿ ನೋಡಿದ್ದನ್ನು ಬರೆದಿದ್ದಾರೆ. ತುದಿ ಹೋದರೆ ಬೇರು ಬೆಳೆಯುತ್ತದೆ, ಆದರೆ ದಿಕ್ಕು ಮರೆಯುತ್ತದೆ. ಹೊಸ ತುದಿ ಬಂದ ಮೇಲೆ ಮತ್ತೆ ಬಾಗುತ್ತದೆ. ಮೂರನೇ ಸಲಕ್ಕೆ ನಾನೂ ಒಂದು ಡಬ್ಬಿಯ ಐದು ಕಾಳಿಗೆ ಇದನ್ನು ಮಾಡಿದೆ. ಹೊಸ ಬ್ಲೇಡು, ಭೂತಗನ್ನಡಿ, ಉಸಿರು ಬಿಗಿಹಿಡಿದು ತುದಿಯಿಂದ ಅರ್ಧ ಮಿಲಿಮೀಟರ್. ಸಂಜೆ ಆರಕ್ಕೆ ಕತ್ತರಿಸಿ, ಒಂದು ದಿನ ಆಗಲೇ ತಿರುಗಿದ್ದ ಇನ್ನೆರಡು ಡಬ್ಬಿಯ ಜೊತೆ ಹಲಗೆಗೆ ಏರಿಸಿದೆ.

ಬೆಳಿಗ್ಗೆ ಒಂಬತ್ತಕ್ಕೆ, ಹಸಿರು ಕಾಗದ ಸುತ್ತಿದ ಟಾರ್ಚ್ ಹಿಡಿದು ನೋಡಿದೆ. ಹಲಗೆ ಸರಿಯಾಗಿ ತಿರುಗುತ್ತಿತ್ತು. ಆದರೆ ತುದಿ ಇದ್ದ ಎರಡು ಡಬ್ಬಿಯ ಹತ್ತೂ ಬೇರಿನಲ್ಲಿ ಸಣ್ಣ ಸೊಟ್ಟ. ಓರೆಯಾಗಿ ಚೆಂದ ಬಂದು, ಒಂದು ಕಡೆ ತುಸು ಕೆಳಗೆ ತಿರುಗಿ, ಮೂರು ಮಿಲಿಮೀಟರಿನಷ್ಟು ಹಾಗೇ ಹೋಗಿ, ಮತ್ತೆ ತನ್ನ ಹಳೇ ಓರೆ ಹಿಡಿದಿತ್ತು. ಹತ್ತರಲ್ಲೂ ತುದಿಯಿಂದ ಐದು ಮಿಲಿಮೀಟರ್ ಹಿಂದೆ, ಹೆಚ್ಚುಕಡಿಮೆ ಒಂದೇ ಜಾಗ.

ಮೊದಲು ಯಂತ್ರವನ್ನೇ ಬೈದೆ. ಗೇರಿನ ಹಲ್ಲು ಸವೆದಿರಬೇಕು ಅಂತ ಮೋಟರ್ ಬಿಚ್ಚಿ ನೋಡಿದೆ, ಸರಿ ಇತ್ತು. ಅಗರ್‌ನಲ್ಲಿ ಬಿರುಕು ಬಿಟ್ಟಿದೆಯಾ ನೋಡಿದೆ, ಇರಲಿಲ್ಲ. ಮೂಲೆಯಲ್ಲಿ ನಿಂತ ಡಬ್ಬಿಯ ಬೇರುಗಳು ಕೋಲಿನ ಹಾಗೆ ನೇರ. ಅಂದರೆ ಸೆಕೆಯೂ ಅಲ್ಲ, ನೀರೂ ಅಲ್ಲ. ತಿರುಗುವ ಕಾಳಿಗೆ ಮಾತ್ರ ಏನೋ ಆಗಿದೆ. ತುದಿ ಕತ್ತರಿಸಿದ ಡಬ್ಬಿ ನೋಡಿದೆ. ಅಲ್ಲಿ ನಾಲ್ಕು ಬೇರು ಇಟ್ಟ ದಿಕ್ಕಿಗೇ ಬೆಳೆದಿದ್ದವು, ಓರೆಯೂ ಇಲ್ಲ, ಸೊಟ್ಟವೂ ಇಲ್ಲ. ಐದನೆಯದರ ತುದಿ ನಾನು ಸರಿ ಕತ್ತರಿಸಿರಲಿಲ್ಲ ಅಂತ ಕಾಣುತ್ತದೆ, ಅದು ಓರೆಯಾಗಿತ್ತು. ಅದರಲ್ಲೂ ಸೊಟ್ಟ ಇತ್ತು.

ಅಡುಗೆಮನೆಗೆ ಹೋಗಿ ಚಹಾ ಕುಡಿಯುತ್ತ ಕೂತೆ. ಅವ್ವ ಆಕಳಿಸುತ್ತಿದ್ದಳು.

"ನಿದ್ದಿ ಆಗಿಲ್ಲೇನ್ ಬೇ?"

"ಎಲ್ಲೀ ನಿದ್ದಿ. ಒಂದರ ಸುಮಾರಿಗೆ ಕರೆಂಟ್ ಹೋದದ್ದು ಕೋಳಿ ಕೂಗೂ ಹೊತ್ತಿಗೆ ಬಂತು. ಸೊಳ್ಳಿ ಹರಕೊಂಡು ತಿಂದ್ವು. ನೀ ಮಾತ್ರ ಕುಂಭಕರ್ಣ."

ಚಹಾ ಅಲ್ಲೇ ಬಿಟ್ಟು ಎದ್ದೆ. ಆ ಸೆಕೆಗೆ ಹೆಸರಿನ ಬೇರು ನನ್ನ ಡಬ್ಬಿಯಲ್ಲಿ ತಾಸಿಗೆ ಸುಮಾರು ಒಂದು ಮಿಲಿಮೀಟರ್ ಬೆಳೆಯುತ್ತಿತ್ತು. ಒಂಬತ್ತು ಗಂಟೆಗೆ ತುದಿಯಿಂದ ಐದು ಮಿಲಿಮೀಟರ್ ಹಿಂದಕ್ಕೆ ಎಣಿಸಿದರೆ ನಾಲ್ಕು ಗಂಟೆ. ಕೋಳಿ ಕೂಗುವ ಹೊತ್ತು. ಅಲ್ಲಿಂದ ಇನ್ನೂ ಮೂರು ಮಿಲಿಮೀಟರ್ ಹಿಂದಕ್ಕೆ ಹೋದರೆ ಒಂದು ಗಂಟೆ.

ಮೋಟರ್ ನಿಂತಾಗ ಹೊರಗಿನ ಎಸೆತ ಹೋಗಿ ಹರಳುಗಳು ಕೋಶದ ನೇರ ತಳಕ್ಕೆ ಸರಿದಿವೆ. ಬೇರು ಆ ಕಡೆ ತಿರುಗತೊಡಗಿದೆ. ಮೂರು ತಾಸಿನಲ್ಲಿ ಪೂರ್ತಿ ನೇರ ಆಗಲು ಆಗಿಲ್ಲ, ಅಷ್ಟರಲ್ಲಿ ಕರೆಂಟ್ ಬಂದು ಹಲಗೆ ತಾನೇ ತಿರುಗಲು ಶುರುವಾಗಿದೆ. ಬೇರು ಮತ್ತೆ ಹಳೇ ಓರೆಗೆ ಬಂದಿದೆ. ಅಷ್ಟೂ ಹೊತ್ತು ನಾನು ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದೆ.

ಆಮೇಲೆ ಬೇಕಂತಲೇ ನಿಲ್ಲಿಸಿ ನೋಡಿದೆ. ಹೊಸ ಕಾಳು, ಹೊಸ ಅಗರ್, ಎಲ್ಲಕ್ಕೂ ತುದಿ ಇದೆ. ಎರಡು ತಾಸು ನಿಲ್ಲಿಸಿದಾಗ ಸೊಟ್ಟ ಬರಿಗಣ್ಣಿಗೆ ಕಂಡಿತು. ಒಂದು ತಾಸಿಗೆ ಭೂತಗನ್ನಡಿ ಬೇಕಾಯಿತು, ಆದರೆ ಇತ್ತು. ಅರ್ಧ ತಾಸಿಗೆ ಹದಿನೈದರಲ್ಲಿ ಮೂರು ಬೇರಿನಲ್ಲಿ ಇದ್ದ ಹಾಗೆ ಕಂಡಿತು. ಅಣ್ಣನ ಮಗನಿಗೆ ಏನೂ ಹೇಳದೆ ತೋರಿಸಿದರೆ ಅವನು ಒಂದರಲ್ಲೂ ಇಲ್ಲ ಅಂದ. ಅವನ ಕಣ್ಣು ಚೆನ್ನಾಗಿದೆ, ನನ್ನದು ಆಸೆಯ ಕಣ್ಣು. ಅರ್ಧ ತಾಸಿನದು ಬಿಟ್ಟುಬಿಟ್ಟೆ.

ಕರೆಂಟಿನ ಕಾಟಕ್ಕೆ ಕೊನೆಗೆ ಒಂದು ದಾರಿ ಮಾಡಿದೆ. ಹಳೇ ಯುಪಿಎಸ್‌ನಲ್ಲಿದ್ದ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿಗೆ ಇನ್ನೂ ಜೀವ ಇತ್ತು. ಅದಕ್ಕೆ ಸರಿಯಾದ ಚಾರ್ಜರ್ ಹಚ್ಚಿ, ಮೋಟರನ್ನು ಬ್ಯಾಟರಿಯಿಂದಲೇ ಓಡಿಸಿದೆ. ಮೋಟರ್ ಎಳೆಯುವುದು 0.3 ಆಂಪಿಯರ್, ಹಾಗಾಗಿ ಒಂದು ರಾತ್ರಿ ಆರಾಮಾಗಿ ದಾಟುತ್ತದೆ. ಬ್ಯಾಟರಿಯ ಬಾಯಿಗೇ ಒಂದು ಫ್ಯೂಸ್ ಹಾಕಿ, ಮರೆಯಬೇಡಿ. ಬ್ಯಾಟರಿಯ ವೋಲ್ಟ್ ಸ್ವಲ್ಪ ಏರಿಳಿಯುವುದರಿಂದ ಸುತ್ತು 90ರಿಂದ 95ರ ನಡುವೆ ಆಡುತ್ತದೆ. ಒಂದೆರಡು ಡಿಗ್ರಿಯ ಮಾತು.

ಮಾಡುವವರಿಗೆ ಇನ್ನೊಂದು ಮಾತು: ಪೆಟ್ಟಿಗೆಯಿಲ್ಲದೆ ತಿರುಗಿಸಬೇಡಿ. ಬೆಳಕಿಗಷ್ಟೇ ಅಲ್ಲ, ಕಣ್ಣಿಗೂ. ಹಾರಿಬಂದ ಡಬ್ಬಿಯ ಚೂರು ಗಾಜಿನಷ್ಟೇ ಚೂಪು. ಮಕ್ಕಳಿದ್ದರೆ ಪ್ಲಾಸ್ಟಿಕ್ಕಿನ ತಿಂಡಿ ಡಬ್ಬಿ ಬಳಸಿ, ಚೆಂದ ಕಾಣದಿದ್ದರೂ ಒಡೆಯುವುದಿಲ್ಲ.

ಮುಗಿದ ಮೇಲೆ ಆ ರಾತ್ರಿಯ ಹತ್ತು ಸಸಿಗಳಲ್ಲಿ ಆರನ್ನು ಹಿತ್ತಲ ಕುಂಡದಲ್ಲಿ ನೆಟ್ಟೆ. ಎರಡು ದಿನಕ್ಕೆ ಎಲ್ಲ ನೆಟ್ಟಗೆ ನಿಂತವು. ಪಕ್ಕದಲ್ಲಿದ್ದ ಮಾಮೂಲಿ ಸಸಿಗೂ ಇವಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಎಂಟನೇ ದಿನ ತಡೆಯಲಾಗದೆ ಒಂದನ್ನು ಕಿತ್ತು, ಬೇರು ತೊಳೆದು, ಅವ್ವನ ಮುಂದೆ ಹಿಡಿದೆ. ಕುತ್ತಿಗೆಯ ಕೆಳಗೆ ಓರೆ, ಓರೆಯ ನಡುವೆ ಆ ಮೂರು ಮಿಲಿಮೀಟರ್ ಸೊಟ್ಟ ಹಾಗೇ ಇತ್ತು. ಬೆಳೆದು ಗಟ್ಟಿಯಾದ ಭಾಗ ಮತ್ತೆ ನೆಟ್ಟಗಾಗುವುದಿಲ್ಲ. ಅದರ ಕೆಳಗೆ ಅಂಗೈಯಷ್ಟು ಬೇರು ನೇರ ಇಳಿದಿತ್ತು.

ಅವ್ವ ಕನ್ನಡಕ ಹಾಕಿಕೊಂಡು ನೋಡಿದಳು. "ಇದು ಸೊಳ್ಳಿ ಕಡದ ರಾತ್ರೀದೇನೋ?" ಅಂದಳು. ಹೌದು ಅಂದೆ. "ಹಂಗಾರ ಉಳದದ್ದು ಕೀಳಬ್ಯಾಡ, ಕಾಯಿ ಆಗ್ಲಿ" ಅಂದು ಸಸಿಯನ್ನು ಕೈಯಿಂದ ಇಸಕೊಂಡು ಮತ್ತೆ ಕುಂಡಕ್ಕೆ ಊರಿದಳು. ಅದೂ ಹತ್ತಿಕೊಂಡಿದೆ.